ಹವ್ಯಾಸದ ಉಳಿ, ಕಾಯಕದ ಬಾಚಿ



ಮನೆಗೆ ಬೇಕಾದ ಮಣೆ, ಮೇಜು, ಪುಸ್ತಕದ ಕಪಾಟುಗಳನ್ನು ತಾವೇ ಮರ ಕೊಯ್ದು ಮಾಡಿಕೊಳ್ಳುವ ಹವ್ಯಾಸ ನಮ್ಮ ಸದ್ಭಕ್ತರಲ್ಲಿ ಕೆಲವರಿಗೆ ಹತ್ತಿಕೊಂಡಿದೆ. ಇವರಲ್ಲಿ ಹೆಚ್ಚಿನವರು ಓದಿ ನೌಕರಿ ಹಿಡಿದವರು, ಇಲ್ಲವೆ ನಿವೃತ್ತರು. ದಿನವೆಲ್ಲ ಕಾಗದ, ಕಂಪ್ಯೂಟರುಗಳ ಮುಂದೆ ಕುಳಿತ ಕೈಗಳು ಉಳಿ, ಗರಗಸಗಳನ್ನು ಹಿಡಿಯುವುದು ಸಂತೋಷದ ಸಂಗತಿಯೇ. ಆದರೆ ಇವರಲ್ಲಿ ಹಲವರು ತಮ್ಮ ಭಾನುವಾರದ ಈ ಕೆಲಸವನ್ನು ‘ಇದು ನನ್ನ ಕಾಯಕ’ ಎಂದು ಹೇಳಿಕೊಳ್ಳುವುದುಂಟು. ಕೈ ದಣಿದದ್ದೆಲ್ಲ ಕಾಯಕವೆಂಬ ಈ ತಿಳಿವಳಿಕೆಯನ್ನು ನಾನು ಒಪ್ಪಲಾರೆ. ಆ ಮಾತು ಅಷ್ಟು ಸುಲಭದ ಮಾತಲ್ಲ.

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಬಾಚಿಕಾಯಕದ ಬಸವಣ್ಣನವರೆಂಬ ಒಬ್ಬ ವಚನಕಾರರಿದ್ದಾರೆ. ವೃತ್ತಿಯಿಂದ ಬಡಗಿಗಳು. ಅವರ ಧರ್ಮಪತ್ನಿ ಕಾಳವ್ವೆಯವರೂ ವಚನಗಳನ್ನು ರಚಿಸಿದವರೇ. ಬಾಚಿ ಎಂದರೆ ಮರವನ್ನು ಕೆತ್ತಿ ಸಮಮಾಡುವ ಆಯುಧ. ಕೊಡಲಿಯ ಬಾಯಿ ಹಿಡಿಯ ಗುಂಟ ಇದ್ದರೆ ಬಾಚಿಯ ಬಾಯಿ ಹಿಡಿಗೆ ಅಡ್ಡಲಾಗಿರುತ್ತದೆ, ಗುದ್ದಲಿಯ ಹಾಗೆ. ಊರಿನ ಹೆಸರಲ್ಲ, ಮನೆತನದ ಹೆಸರಲ್ಲ, ಕೈಯಲ್ಲಿ ಹಿಡಿದ ಆಯುಧವೇ ಈ ಶರಣರ ಹೆಸರಿಗೆ ಮುಂದೆ ನಿಂತಿದೆ. ಅದು ಅವರ ಬಿಡುವಿನ ವೇಳೆಯ ವಿನೋದವಾಗಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. ಆ ಬಾಚಿ ಏಳದ ದಿನ ಒಲೆಯೂ ಉರಿಯುವುದಿಲ್ಲ, ಜಂಗಮರಿಗೆ ನೀಡಲೂ ಏನೂ ಇರುವುದಿಲ್ಲ. ಕಾಯಕವೆಂಬುದಕ್ಕೆ ತೂಕ ಬರುವುದು ಅಲ್ಲಿ. ಅದರಿಂದ ಬದುಕು ಸಾಗಬೇಕು, ಅದು ಇನ್ನೊಬ್ಬರ ಉಪಯೋಗಕ್ಕೆ ಬೀಳಬೇಕು, ಅದರ ಫಲ ದಾಸೋಹಕ್ಕೆ ಸಲ್ಲಬೇಕು. ಆಯ್ದಕ್ಕಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಪ್ರಸಂಗ ನಿಮಗೆಲ್ಲ ತಿಳಿದೇ ಇದೆ. ದುಡಿಮೆಯ ಅಳತೆ ಅಷ್ಟು ಬಿಗಿ. ನಮ್ಮ ಹವ್ಯಾಸಿಯಾದರೋ ತನಗಾಗಿ, ತನ್ನ ಖುಷಿಗಾಗಿ, ತನಗೆ ಬೇಕಾದಾಗ ಮಾಡುತ್ತಾನೆ. ಬೇಸರವಾದರೆ ಅರ್ಧಕ್ಕೆ ಬಿಡುತ್ತಾನೆ. ತಪ್ಪೇನೂ ಇಲ್ಲ. ಹೆಸರು ಮಾತ್ರ ಬೇರೆಯಿರಲಿ.

ಹಾಗಾದರೆ ಇದರಿಂದ ಪ್ರಯೋಜನವೇನು? ಹಣ ಉಳಿಯುತ್ತದೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ. ಉಪಕರಣ, ಕೆಟ್ಟುಹೋಗುವ ಮರ, ವ್ಯಯವಾಗುವ ದಿನಗಳ ಲೆಕ್ಕ ಹಾಕಿದರೆ ಮೊದಲ ಮೇಜು ಅಂಗಡಿಯ ಮೇಜಿಗಿಂತ ದುಬಾರಿಯೇ ಆಗುತ್ತದೆ. ಪ್ರಯೋಜನವಿರುವುದು ಬೇರೆಡೆ. ಮರವೆಂಬುದು ಏನೆಂದು ತಿಳಿಯುತ್ತದೆ. ಅದರ ಮೂಲಕ ಬಡಗಿಯೆಂದರೆ ಯಾರೆಂದು ತಿಳಿಯುತ್ತದೆ.

ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ. ಮಳೆಗಾಲದ ಗಾಳಿಯಿಂದ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಅದನ್ನು ಬಿಟ್ಟು ಕುಗ್ಗುತ್ತದೆ. ವಿಶೇಷವೆಂದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಹಸಿ ಸಾಗುವಾನಿಯು ಪೂರ್ತಿ ಒಣಗುವ ಹೊತ್ತಿಗೆ ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇಕಡಾ 5.8ರಷ್ಟು ಕುಗ್ಗಿದರೆ, ತಿರುಳಿನಿಂದ ತೊಗಟೆಯ ಕಡೆಗೆ ಶೇಕಡಾ 2.5ರಷ್ಟು ಕುಗ್ಗುತ್ತದೆ; ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಹಲಗೆ ದೋಣಿಯಂತೆ ಬಾಗುವುದು, ಸೊಟ್ಟಗಾಗುವುದು ಈ ವ್ಯತ್ಯಾಸದಿಂದಲೇ. ಸಾಗುವಾನಿಯಾದರೂ ಸೌಮ್ಯ ಸ್ವಭಾವದ ಮರ. ಮಿಕ್ಕ ಎಷ್ಟೋ ಮರಗಳ ಚಲನೆ ಇದಕ್ಕಿಂತ ಹೆಚ್ಚು.

ಇದನ್ನು ಕಾಣಲು ದೊಡ್ಡ ಮಂಚವನ್ನೇ ಮಾಡಬೇಕಾಗಿಲ್ಲ, ಒಂದು ಮಣೆ ಸಾಕು. ಒಂದಡಿ ಅಗಲದ ಹಲಗೆ, ಅಡಿಯಲ್ಲಿ ಎರಡು ಅಡ್ಡಪಟ್ಟಿ, ಇಷ್ಟೇ ಮಣೆ. ಇದಕ್ಕಿಂತ ಸರಳವಾದ ಪೀಠೋಪಕರಣವಿಲ್ಲ. ಆದರೆ ಪಟ್ಟಿಯ ಎಳೆಗಳು ಹಲಗೆಯ ಎಳೆಗಳಿಗೆ ಅಡ್ಡಲಾಗಿ ಹರಿಯುತ್ತವೆ. ಮರದೊಳಗಿನ ತೇವಾಂಶ ಮಳೆಗಾಲದಿಂದ ಬೇಸಿಗೆಗೆ ಶೇಕಡಾ 5ರಷ್ಟು ಇಳಿದರೆ ಆ ಹಲಗೆ ಅಗಲದಲ್ಲಿ ಸುಮಾರು 3 ಮಿಲಿಮೀಟರ್ ಕುಗ್ಗಬೇಕಾಗುತ್ತದೆ. ಅಡ್ಡಪಟ್ಟಿ ಮಾತ್ರ ಉದ್ದದಲ್ಲಿ ಅಲುಗುವುದಿಲ್ಲ. ಹೊಸಬನು ಭದ್ರವಾಗಲಿ ಎಂದು ಅಂಟು ಸವರಿ, ಮೇಲೆ ನಾಲ್ಕು ಮೊಳೆ ಹೊಡೆದಿರುತ್ತಾನೆ. ಬೇಸಿಗೆಯಲ್ಲಿ ಒಂದು ದಿನ ಹಲಗೆ ಉದ್ದಕ್ಕೂ ಬಿರಿಯುತ್ತದೆ. ಭದ್ರಪಡಿಸಿದ್ದೇ ಸೀಳಲು ಕಾರಣವಾಯಿತು. ನುರಿತ ಬಡಗಿಗಳು ಇಲ್ಲಿ ಏನು ಮಾಡುತ್ತಾರೆ ನೋಡಿ. ಹಲಗೆಯ ಅಡಿಯಲ್ಲಿ ಬಾಯಿ ಕಿರಿದಾಗಿ ಬುಡ ಅಗಲವಾಗಿರುವ ಒಂದು ಗಾಡಿಯನ್ನು ಕೊರೆದು, ಅದೇ ಆಕಾರಕ್ಕೆ ಕೆತ್ತಿದ ಪಟ್ಟಿಯನ್ನು ಪಕ್ಕದಿಂದ ಬಡಿದು ಕೂರಿಸುತ್ತಾರೆ. ಅಂಟಿಲ್ಲ, ಮೊಳೆಯಿಲ್ಲ. ಪಟ್ಟಿ ಕಳಚಿ ಬೀಳದು, ಹಲಗೆಯನ್ನು ಬಾಗಲು ಬಿಡದು, ಆದರೆ ಹಿಗ್ಗಲು ಕುಗ್ಗಲು ಅಡ್ಡಿಪಡಿಸದು. ನಮ್ಮ ಹಳೆಯ ಮನೆಗಳ ಬಾಗಿಲುಗಳಲ್ಲಿಯೂ ಇದೇ ವಿವೇಕವುಂಟು. ಚೌಕಟ್ಟಿನ ಗಾಡಿಯೊಳಗೆ ನಡುವಿನ ಹಲಗೆ ಸಡಿಲವಾಗಿ ಕುಳಿತಿರುತ್ತದೆ. ಅದನ್ನು ಯಾರೂ ಅಂಟಿಸಿರುವುದಿಲ್ಲ.

ಇಂತಹ ಒಂದು ಗಾಡಿಯನ್ನು ಕೈಯಿಂದ ಕೊರೆಯಲು ಹೊಸಬನಿಗೆ ಒಂದು ಮಧ್ಯಾಹ್ನ ಬೇಕು. ಒಂದು ಕುಳಿ, ಅದಕ್ಕೆ ಹೊಂದುವ ಒಂದು ನಾಲಗೆ ಅಲುಗಾಡದೆ ಕೂಡಬೇಕಾದರೆ ಇನ್ನೊಂದು. ಒಂದು ಸಾಧಾರಣ ಕುರ್ಚಿಯಲ್ಲಿ ಅಂತಹ ಸಂದುಗಳು ಹತ್ತಕ್ಕೂ ಮಿಕ್ಕಿ ಇರುತ್ತವೆ. ಇದನ್ನು ಅನುಭವದಿಂದ ತಿಳಿದ ವ್ಯಕ್ತಿಯು ಮರುದಿನ ಬಡಗಿಯ ಮುಂದೆ ನಿಂತು ‘ಇಷ್ಟಕ್ಕೆ ಇಷ್ಟು ಕೂಲಿಯೇ?’ ಎಂದು ಕೇಳಲು ನಾಲಗೆ ಏಳಬಾರದು. ಏಳುತ್ತದೆ ಎಂಬುದೇ ನನ್ನ ದುಃಖ. ನಾಲ್ಕು ಚಲನಚಿತ್ರ ನೋಡಿ ಒಂದು ಮಣೆ ಮಾಡಿದವರು ‘ನನಗೂ ಕೆಲಸ ಗೊತ್ತು, ಇದಕ್ಕೆ ಅರ್ಧ ದಿನ ಸಾಕು’ ಎಂದು ಚೌಕಾಸಿಗೆ ಇಳಿಯುವುದನ್ನು ಕಂಡಿದ್ದೇನೆ. ಆಸ್ಪತ್ರೆಯಲ್ಲಿ, ವಕೀಲರ ಕಚೇರಿಯಲ್ಲಿ ಕೇಳಿದಷ್ಟನ್ನು ಎಣಿಸಿಟ್ಟು ಬರುವವರು ಬಡಗಿಯ ಮನೆಯಂಗಳದಲ್ಲಿ ಮಾತ್ರ ಅರ್ಥಶಾಸ್ತ್ರಜ್ಞರಾಗುತ್ತಾರೆ. ಕಾಯಕದ ಹೆಸರನ್ನು ತನ್ನ ಹವ್ಯಾಸಕ್ಕೆ ಇಟ್ಟುಕೊಂಡು, ನಿಜವಾದ ಕಾಯಕಜೀವಿಯ ಕೂಲಿಯನ್ನು ಕಡಿಯುವುದಕ್ಕಿಂತ ದೊಡ್ಡ ವಿಪರ್ಯಾಸ ಉಂಟೇ?

ಮತ್ತೊಂದು ವ್ಯತ್ಯಾಸವನ್ನೂ ಹೇಳಬೇಕು. ಮರದ ಹುಡಿ ನಿರುಪದ್ರವಿಯಲ್ಲ. 1995ರಲ್ಲಿಯೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಹವ್ಯಾಸಿಯು ವಾರಕ್ಕೆ ಎರಡು ತಾಸು ಮುಖಗವಸು ಧರಿಸಿ ಕೆಲಸ ಮಾಡಿ ಏಳುತ್ತಾನೆ. ಬಡಗಿಯು ಮೂವತ್ತು, ನಲವತ್ತು ವರ್ಷ ಅದೇ ಹುಡಿಯನ್ನು ಉಸಿರಾಡುತ್ತಾನೆ. ಕೂಲಿಯ ಲೆಕ್ಕದಲ್ಲಿ ಅದು ಎಲ್ಲಿಯೂ ಬರೆದಿರುವುದಿಲ್ಲ.

ನಾವು ಮಾಡಿ ತಿಳಿಯುವುದು ಕೊಳ್ಳುವಾಗ ವಿವೇಕಿಗಳಾಗಲು ಎಂಬ ಮಾತನ್ನು ದೂರದ ಇಟಲಿಯಲ್ಲಿ ಒಬ್ಬರು ಕಾರ್ಯರೂಪಕ್ಕೆ ತಂದಿದ್ದರು. 2020ರಲ್ಲಿ ನಿಧನರಾದ ಎಂಜೊ ಮಾರಿ ಎಂಬ ವಿನ್ಯಾಸಕಾರರು 1974ರಲ್ಲಿ ಮೇಜು, ಕುರ್ಚಿ, ಮಂಚ ಮೊದಲಾದವುಗಳ ನಕ್ಷೆಗಳನ್ನು ಪ್ರಕಟಿಸಿ, ಅಂಚೆ ವೆಚ್ಚ ಕಳುಹಿಸಿದ ಯಾರಿಗಾದರೂ ಉಚಿತವಾಗಿ ಕೊಟ್ಟರು. ಸಾಧಾರಣ ಹಲಗೆ, ಮೊಳೆ, ಸುತ್ತಿಗೆ ಇದ್ದರೆ ಸಾಕು. ಯಾರು ಬೇಕಾದರೂ ಮಾಡಿಕೊಳ್ಳಬಹುದು, ಕಾರ್ಖಾನೆಯವರು ಮತ್ತು ವ್ಯಾಪಾರಿಗಳು ಮಾತ್ರ ಮಾಡಕೂಡದು ಎಂಬ ನಿಬಂಧನೆ ಬೇರೆ. ಅಗ್ಗದ ಮೇಜು ಸಿಗಲಿ ಎಂಬುದು ಅವರ ಉದ್ದೇಶವಾಗಿರಲಿಲ್ಲ. ತಾನೇ ಒಂದು ಮೇಜು ಕಟ್ಟಿದವನು ಅಂಗಡಿಯ ಮೇಜನ್ನು ಬೇರೆ ಕಣ್ಣಿನಿಂದ ನೋಡಲಿ ಎಂಬುದೇ ಅವರ ಆಶಯ. ವಚನ ಓದುವವರಿಗೆ ಈ ಆಶಯ ಪರಕೀಯವೆನಿಸಬಾರದು.

‘ನಾವೇ ಮಾಡಿಕೊಂಡರೆ ಬಡಗಿಯ ಅನ್ನಕ್ಕೆ ಕಲ್ಲು ಹಾಕಿದಂತಾಗದೇ?’ ಎಂದು ಕೇಳುವವರಿದ್ದಾರೆ. ನಾಲ್ಕು ಜನ ಹವ್ಯಾಸಿಗಳಿಂದ ಹಾಗಾಗದು. ಮರದ ಹುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಕಪಾಟನ್ನು ಅಗ್ಗವೆಂದು ಕೊಂಡು, ನೀರು ತಗುಲಿ ಉಬ್ಬಿದಾಗ ಎಸೆದು, ಮತ್ತೆ ಅದನ್ನೇ ಕೊಳ್ಳುವ ನಮ್ಮೆಲ್ಲರ ಅಭ್ಯಾಸದಿಂದ ಅವನ ಅನ್ನಕ್ಕೆ ಹೆಚ್ಚು ಕುತ್ತು.

ಆಸಕ್ತರಿಗೆ ಇಷ್ಟು ಹೇಳಬಲ್ಲೆ. ಮಣೆಯಿಂದಲೇ ಆರಂಭಿಸಿ. ಒಂದಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಒಂದು ವರ್ಷ ಎಂಬುದು ವಾಡಿಕೆಯ ಲೆಕ್ಕ, ಆದ್ದರಿಂದ ಒಣಗಿದ ಮರವನ್ನೇ ಕೇಳಿ ಕೊಳ್ಳಿ. ಹಳೆಯ ಮನೆ ಕೆಡವಿದ ಕಡೆ ಸಿಗುವ ತೊಲೆ, ಬಾಗಿಲುಗಳ ಮರ ಇನ್ನೂ ಉತ್ತಮ. ಲೋಹ ಉಜ್ಜುವ ಕೈಯಂತ್ರಕ್ಕೆ ಮರ ಕೊಯ್ಯುವ ಹಲ್ಲಿನ ಚಕ್ರ ಹಾಕುವ ಸಾಹಸ ಮಾತ್ರ ಬೇಡ, ಅದು ಬೆರಳುಗಳನ್ನು ಕಸಿಯುತ್ತದೆ. ಒಂದು ಗರಗಸ, ಎರಡು ಉಳಿ, ಒಂದು ಕೊಡತಿ, ಒಂದು ಮೂಲೆಮಟ್ಟ ಸಾಕು. ಉಳಿಯನ್ನು 25ರಿಂದ 30 ಡಿಗ್ರಿಗಳ ಓರೆಯಲ್ಲಿ ಸಾಣೆ ಹಿಡಿಯುವುದನ್ನು ಪುಸ್ತಕದಿಂದ ಕಲಿಯಲಾಗದು. ಊರಿನ ಬಡಗಿಯೊಬ್ಬರ ಬಳಿ ಒಂದು ದಿನ ಕುಳಿತು ಕಲಿಯಿರಿ. ಏಳುವಾಗ ಆ ದಿನದ ಕೂಲಿಯನ್ನು ಅವರು ಹೇಳಿದಷ್ಟು ಕೊಟ್ಟು ಬನ್ನಿ.