ಬೋಗುಣಿಯೊಳಗಿನ ಮೀನು

ಕಳೆದ ತಿಂಗಳು ಮಿತ್ರರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ನಡುಮನೆಯ ಈಶಾನ್ಯ ಮೂಲೆಯಲ್ಲಿ ಗಾಜಿನದೊಂದು ಗುಂಡು ಬೋಗುಣಿ. ಅದರ ಕತ್ತಿನವರೆಗೆ ನೀರು. ನೀರಿನಲ್ಲಿ ಎರಡು ಚಿನ್ನದ ಮೀನು. ಅವು ಮತ್ತೆ ಮತ್ತೆ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. “ನೋಡಿ, ನಮ್ಮ ಹತ್ತಿರ ಮಾತಾಡುತ್ತವೆ” ಎಂದರು ಮನೆಯಾಕೆ. ಉಸಿರು ಸಾಲದೆ ಬಾಯಿ ಬಿಡುತ್ತಿವೆ, ತಾಯಿ, ಎನ್ನಬೇಕಾಗಿತ್ತು. ಎಲೆಯ ಮುಂದೆ ಕುಳಿತು ಆಡುವ ಮಾತಲ್ಲವೆಂದು ಸುಮ್ಮನಾದೆ. ಇಲ್ಲಿ ಸುಮ್ಮನಿರಲು ಕಾರಣವಿಲ್ಲ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. 25 ಡಿಗ್ರಿ ಉಷ್ಣತೆಯ ಒಂದು ಲೀಟರು ನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳಬಲ್ಲದ್ದು ಸುಮಾರು 8 ಮಿಲಿಗ್ರಾಮು ಮಾತ್ರ. ಅದು ಖರ್ಚಾದಂತೆಲ್ಲ ಹೊಸದು ಬರಬೇಕಾದದ್ದು ಗಾಳಿಗೆ ತೆರೆದುಕೊಂಡ ನೀರಿನ ಮುಖದಿಂದ. ಈಗ ಬೋಗುಣಿಯ ಲೆಕ್ಕ ನೋಡಿ. ಹತ್ತು ಅಂಗುಲದ ಹೊಟ್ಟೆ, ಆರು ಅಂಗುಲದ ಬಾಯಿ. ಕತ್ತಿನವರೆಗೆ ತುಂಬಿಸಿದರೆ ನೀರಿನ ಮುಖ 28 ಚದರ ಅಂಗುಲ. ಅರ್ಧಕ್ಕೆ ಇಳಿಸಿದರೆ ಮುಖವೇನೋ 78ಕ್ಕೆ ಏರುತ್ತದೆ, ಆದರೆ ನೀರು ನಾಲ್ಕು ಲೀಟರಿಗೆ ಇಳಿಯುತ್ತದೆ. ತುಂಬಿಸಿದರೆ ಉಸಿರಿಲ್ಲ, ತಗ್ಗಿಸಿದರೆ ತಾವಿಲ್ಲ. ಅತ್ತ ದರಿ, ಇತ್ತ ಪುಲಿ. ಇಂಥದೊಂದು ಪಾತ್ರೆಯನ್ನು ಮೀನಿಗೆಂದೇ ಮಾಡಿ ಮಾರುತ್ತಾರೆ, ನಾವು ಬಣ್ಣದ ಕಾಗದ ಸುತ್ತಿಸಿ ಉಡುಗೊರೆಯಾಗಿ ಒಯ್ಯುತ್ತೇವೆ!

ಬೋಗುಣಿಯನ್ನು ಬಿಟ್ಟ ಬುದ್ಧಿವಂತರು ಬೀಳುವ ಇನ್ನೊಂದು ಗುಂಡಿಯುಂಟು. ಅದು ಕಂಬದಂತೆ ನಿಲ್ಲಿಸಿದ ಗಾಜಿನ ತೊಟ್ಟಿ. ಜಾಗ ಉಳಿಯುತ್ತದೆ, ನೋಟಕ್ಕೂ ಗಂಭೀರ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಸುಮಾರು 106 ಲೀಟರು ಹಿಡಿಯುತ್ತದೆ. ಅದರ ನೀರಿನ ಮುಖ ಮೂರು ಚದರ ಅಡಿ. ಅಷ್ಟೇ ನೀರನ್ನು ಒಂದಡಿ ಚೌಕದ ಕಂಬದಲ್ಲಿ ನಿಲ್ಲಿಸಿ. ಎತ್ತರ ಮೂರು ಮುಕ್ಕಾಲು ಅಡಿಯಾಯಿತು, ಮುಖ ಒಂದೇ ಚದರ ಅಡಿಗೆ ಕುಗ್ಗಿತು. ಮೀನು ಈಜುವುದು ಉದ್ದಕ್ಕೆ. ಲಿಫ್ಟಿನಲ್ಲಿ ಹತ್ತಿ ಇಳಿಯುವ ಚಪಲ ಅದಕ್ಕಿಲ್ಲ. ಆಳ ಹೆಚ್ಚಿದಷ್ಟೂ ಕೆಳಗಿನ ಗಾಜಿನ ಮೇಲೆ ಒತ್ತಡವೂ ಹೆಚ್ಚು, ತಳ ತೊಳೆಯಲು ಕೈಯೂ ಎಟುಕದು. ಅಮೆಜಾನ್ ನದಿಯ ಏಂಜಲ್ ಮೀನಿನದು ನಿಡಿದಾದ ರೆಕ್ಕೆ, ಅದಕ್ಕೆ ಒಂದೂವರೆ ಅಡಿ ಆಳ ಬೇಕು, ಒಪ್ಪಿದೆ. ಆದರೆ ಅದಕ್ಕೂ ಉದ್ದ ಬೇಡವೆಂದು ಯಾರು ಹೇಳಿದರು?

“ಚಿನ್ನದ ಮೀನು ಇಟ್ಟ ಪಾತ್ರೆಯಷ್ಟೇ ಬೆಳೆಯುತ್ತದೆ, ಸ್ವಾಮಿ” ಎಂಬ ವಾದವನ್ನು ವಿದ್ಯಾವಂತರ ಬಾಯಲ್ಲೇ ಕೇಳಿದ್ದೇನೆ. ಅದು ನಮ್ಮ ಕೆರೆಗಳ ಗೆಂಡೆಮೀನಿನ ಕುಲದ್ದು. ಕೊಳದಲ್ಲಿ ಬಿಟ್ಟರೆ ಒಂದಡಿ ಬೆಳೆದೀತು, ಹತ್ತು ಹದಿನೈದು ವರ್ಷ ಬಾಳೀತು. ಇಂಗ್ಲೆಂಡಿನಲ್ಲಿ ಒಂದು ಮೀನು 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಬೋಗುಣಿಯಲ್ಲಿ ಅದು ಗಿಡ್ಡಾಗುವುದು ವಿನಯದಿಂದಲ್ಲ, ತನ್ನದೇ ಕೊಳೆಯಿಂದ. ಮೀನಿನ ಕಿವಿರುಗಳಿಂದ ಅಮೋನಿಯ ಹೊರಬೀಳುತ್ತದೆ. ಅದನ್ನು ಅರಗಿಸುವ ಸೂಕ್ಷ್ಮಾಣುಗಳು ಮರಳಿನಲ್ಲಿ, ಶೋಧಕದಲ್ಲಿ ನೆಲೆಯೂರಬೇಕು. ನಾಲ್ಕು ಲೀಟರಿನಲ್ಲಿ ಮೀನಿಗೇ ತಾವಿಲ್ಲ, ಶೋಧಕ ಇಡುವುದೆಲ್ಲಿ? ಈ ಮೀನನ್ನು ಸಾವಿರ ವರ್ಷದ ಹಿಂದೆ ಸಾಕಲು ತೊಡಗಿದ ಚೀನೀಯರು ಅದನ್ನು ಕೊಳಗಳಲ್ಲಿ ಬಿಟ್ಟರು. ಮನೆಯಂಗಳಕ್ಕೆ ತಂದಾಗಲೂ ಅಗಲ ಬಾಯಿಯ ಬಾನಿಗಳಲ್ಲಿ ಇಟ್ಟು ಮೇಲಿನಿಂದ ನೋಡಿ ಸಂತೋಷಪಟ್ಟರು. ಇಟಲಿಯ ಮೊಂಜಾ ಪಟ್ಟಣ 2004ರಲ್ಲಿಯೂ ರೋಮ್ ನಗರ 2005ರಲ್ಲಿಯೂ ಗುಂಡು ಬೋಗುಣಿಯಲ್ಲಿ ಮೀನು ಇಡುವುದನ್ನೇ ನಿಷೇಧಿಸಿದವು. ನಮ್ಮಲ್ಲಿ ತೊಟ್ಟಿ ಯಾವ ದಿಕ್ಕಿಗಿರಬೇಕೆಂದು ಹೇಳುವ ವಾಸ್ತು ಪಂಡಿತರು ಬೀದಿಗೊಬ್ಬರು. ಎಷ್ಟುದ್ದ ಇರಬೇಕೆಂದು ಹೇಳಿದವರನ್ನು ನಾನು ಕಂಡಿಲ್ಲ.

ಇಷ್ಟು ಜೋರಾಗಿ ಮಾತನಾಡುವ ನಾನೇನೂ ಸಾಚಾ ಅಲ್ಲ. ಮಗಳು ಚಿಕ್ಕವಳಿದ್ದಾಗ ನಾನೂ ಇಂಥ ಬೋಗುಣಿಯೊಂದನ್ನು ಹೊತ್ತು ತಂದವನೇ. ಮೂರು ವಾರಕ್ಕೆ ಮೀನು ಸತ್ತಿತು. ಅಂಗಡಿಯಾತ, “ಬೇಜಾರು ಮಾಡ್ಕೋಬೇಡಿ ಸಾರ್, ನಿಮ್ಮ ಮನೆ ದೃಷ್ಟಿ ತಗೊಂಡು ಹೋಯ್ತು” ಎಂದು ಸಮಾಧಾನ ಹೇಳಿ ಇನ್ನೊಂದು ಕೊಟ್ಟ. ಹೀಗೆ ನಾಲ್ಕು ಮೀನು ನಮ್ಮ ಮನೆಯ ದೃಷ್ಟಿಯನ್ನು ಒಯ್ದವು. ಅಷ್ಟೊಂದು ದೃಷ್ಟಿ ತಗಲುವಂಥದ್ದು ಒಬ್ಬ ಕನ್ನಡ ಅಧ್ಯಾಪಕನ ಮನೆಯಲ್ಲಿ ಏನಿತ್ತೋ! ಕೊಲೆಗೆ ಪುಣ್ಯದ ಹೆಸರಿಡುವ ಈ ಮಾತು ಬಹಳ ಅನುಕೂಲದ್ದು. ಮಗಳು ಐದನೆಯದು ಬೇಡವೆಂದು ಅತ್ತ ಮೇಲೆ ನಾನು ಅಳತೆಪಟ್ಟಿ ಹಿಡಿದು ಮೂರಡಿಯ ತೊಟ್ಟಿ ಮಾಡಿಸಿದೆ. ಅದರ ಮೊದಲ ಮೀನಿಗೆ ಈಗ ಏಳು ವರ್ಷ.

ನಿನ್ನೆ ಗೃಹಪ್ರವೇಶದ ಮಿತ್ರರಿಗೆ ಫೋನು ಮಾಡಿದ್ದೆ. ಒಂದು ಮೀನು ಹೋಯಿತಂತೆ. “ಮನೆಗೆ ಬಿದ್ದ ದೃಷ್ಟಿ…” ಎಂದು ಅವರು ಆರಂಭಿಸುವಷ್ಟರಲ್ಲಿ, ಉಳಿದದ್ದನ್ನು ನಮ್ಮ ಮನೆಗೆ ಕೊಟ್ಟುಬಿಡಿ ಎಂದು ಕೇಳಿದೆ. ಮನೆಯಾಕೆಯನ್ನು ಕೇಳಿ ಹೇಳುತ್ತಾರಂತೆ. ಒಪ್ಪಿದರೆ ಭಾನುವಾರ ಬೆಳಿಗ್ಗೆ ಮುಚ್ಚಳವಿರುವ ಬಕೆಟ್ಟು ಹಿಡಿದು ಹೋಗುತ್ತೇನೆ.