ಜುಸಾನ್‌ಜಿ: ನೋಟದ ಕೊಳವೋ, ನೀರಿನ ಕೆರೆಯೋ?

ದಕ್ಷಿಣ ಕೊರಿಯಾದ ಪೂರ್ವಭಾಗದಲ್ಲಿ, ಚೋಂಗ್‌ಸೋಂಗ್ ಎಂಬ ಸೀಮೆಯಲ್ಲಿ, ಜುವಾಂಗ್‌ಸಾನ್ ಎಂಬ ಬೆಟ್ಟಸಾಲೊಂದಿದೆ. 1976ರಲ್ಲಿ ಅಲ್ಲಿಯ ಸರಕಾರವು ಇದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಇದೇ ಉದ್ಯಾನದ ಒಂದು ಕಣಿವೆಯ ಮಡಿಲಿನಲ್ಲಿ ಜುಸಾನ್‌ಜಿ ಎಂಬ ಪುಟ್ಟ ಕೆರೆಯಿದೆ. ಹೋಗಿಬಂದವರಲ್ಲಿ ಹೆಚ್ಚಿನವರು ಅದನ್ನು ಕೊಳವೆಂದೋ ಸರೋವರವೆಂದೋ ಬಣ್ಣಿಸುತ್ತಾರೆ. ಕೆರೆಯೆಂದು ಕರೆಯುವವರು ವಿರಳ. ಹೆಸರಿನ ಈ ವ್ಯತ್ಯಾಸವು ಅಲ್ಪವಾದುದಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಬೆಟ್ಟದ ಮಾತು. ಎತ್ತರದಲ್ಲಿ ಹೆಚ್ಚು ಹೇಳಿಕೊಳ್ಳುವಂಥದೇನೂ ಇಲ್ಲ; ಮುಖ್ಯ ಶಿಖರವು ಸುಮಾರು 720 ಮೀಟರ್. ಅದರ ಹಿರಿಮೆ ಇರುವುದು ಕಲ್ಲಿನಲ್ಲಿ. ಡೈನೊಸಾರ್‌ಗಳ ಯುಗವು ಮುಗಿಯುತ್ತ ಬಂದ ಕಾಲದಲ್ಲಿ ಇಲ್ಲಿ ಜ್ವಾಲಾಮುಖಿಗಳು ಸಿಡಿದವು. ಅವು ಕಾರಿದ ಬಿಸಿಬೂದಿಯು ರಾಶಿರಾಶಿಯಾಗಿ ಬಿದ್ದು, ತನ್ನ ಕಾವಿನಿಂದಲೂ ಭಾರದಿಂದಲೂ ಬೆಸೆದುಕೊಂಡು ಗಟ್ಟಿಯಾದ ಬಂಡೆಯಾಯಿತು. ಆರುವಾಗ ಅದು ಮೇಲಿಂದ ಕೆಳಗೆ ಬಿರುಕುಬಿಟ್ಟಿತು. ಆ ಬಿರುಕುಗಳಲ್ಲಿ ಹಳ್ಳದ ನೀರು ಲಕ್ಷಾಂತರ ವರ್ಷ ದುಡಿದು ಕೋಟೆಯ ಗೋಡೆಗಳಂತಹ ಕಡಿದಾದ ಬಂಡೆಗಳನ್ನೂ ಇಕ್ಕಟ್ಟಾದ ಕಂದರಗಳನ್ನೂ ಕೊರೆಯಿತು. ದೇಜೋನ್‌ಸಾ ಎಂಬ ಬೌದ್ಧ ದೇವಾಲಯದ ಅಂಗಳದಿಂದ ಹೊರಟರೆ, ಹಳ್ಳದ ಬದಿಯ ದಾರಿಯು ಯೊಂಗ್‌ಚು ಜಲಪಾತದವರೆಗೆ ಬಹುಮಟ್ಟಿಗೆ ಸಮವಾಗಿಯೇ ಸಾಗುತ್ತದೆ. ಮುದುಕರೂ ಮಕ್ಕಳೂ ಆಯಾಸವಿಲ್ಲದೆ ನಡೆಯುತ್ತಿದ್ದುದನ್ನು ನಾವು ಕಂಡೆವು. ಚೀನಾದ ತಾಂಗ್ ಅರಸರ ಮೇಲೆ ದಂಗೆಯೆದ್ದು ಸೋತು ಓಡಿಬಂದವನೊಬ್ಬನು ಇಲ್ಲಿಯ ಗವಿಯಲ್ಲಿ ಅಡಗಿದ್ದನೆಂದೂ, ಶಿಲ್ಲಾ ರಾಜ್ಯದ ಸೇನಾನಿಯು ಅವನನ್ನು ಕೊಂದನೆಂದೂ ಒಂದು ಐತಿಹ್ಯವುಂಟು. ಬೆಟ್ಟಕ್ಕೆ ಅವನದೇ ಹೆಸರು. ಗೆದ್ದವನ ಪಾಲಿಗೆ ಬಂದುದು ಬಾವುಟ ನೆಟ್ಟನೆನ್ನುವ ಒಂದು ಬಂಡೆ ಮಾತ್ರ! 2017ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಸೀಮೆಯನ್ನು ಜಾಗತಿಕ ಭೂಉದ್ಯಾನಗಳ ಪಟ್ಟಿಗೆ ಸೇರಿಸಿತು.

ಇನ್ನು ಕೆರೆ. ಇದು ಪ್ರಕೃತಿಯ ಕೊಡುಗೆಯಲ್ಲ. 1720ರಲ್ಲಿ ಕೆಳಗಿನ ಹೊಲಗದ್ದೆಗಳ ರೈತರಿಗಾಗಿ ಏರಿಯನ್ನು ಕಟ್ಟಲಾರಂಭಿಸಿ ಮರುವರ್ಷ ಮುಗಿಸಿದರು. ಒಂದು ದಂಡೆಯನ್ನು ಹತ್ತು ನಿಮಿಷದಲ್ಲಿ ನಡೆದು ಮುಗಿಸಬಹುದು, ಅಷ್ಟು ಚಿಕ್ಕದು. ಆದರೂ ಎಂತಹ ಬರಗಾಲದಲ್ಲಿಯೂ ಇದರ ತಳ ಕಂಡುದಿಲ್ಲವೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಮಳೆಯ ನೀರನ್ನು ಹೀರಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವ ಸುತ್ತಲಿನ ನೆಲವೇ ಇದಕ್ಕೆ ಕಾರಣವೆನ್ನುತ್ತಾರೆ. ಏರಿಯ ಬಳಿ ಸಣ್ಣದೊಂದು ಕಲ್ಲು ನಿಂತಿದೆ. ಕೆರೆ ಕಟ್ಟಿಸಿದವರ ಉಪಕಾರವನ್ನು ನೆನೆದು 1771ರಲ್ಲಿ ನಿಲ್ಲಿಸಿದ ಶಾಸನವದು. ಕೆರೆ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುವ ಪದ್ಧತಿಯು ಕನ್ನಡಿಗರಿಗೆ ಹೊಸದಲ್ಲ. ಆದುದರಿಂದಲೇ ಇರಬೇಕು, ಅಲ್ಲಿ ನಮ್ಮನ್ನು ಎಲ್ಲಕ್ಕಿಂತ ಮೊದಲು ಸೆಳೆದುದು ಆ ಕಲ್ಲು.

ಬಂದವರಲ್ಲಿ ಅದರ ಮುಂದೆ ನಿಂತವರನ್ನು ನಾವು ಕಾಣಲಿಲ್ಲ. ಎಲ್ಲರ ಕಣ್ಣೂ ನೀರಿನಲ್ಲಿ ನಿಂತ ಮರಗಳ ಮೇಲೆ. ಇವು ನೀರವಂಜಿಯ ಕುಲದ ಮರಗಳು, ಶತಮಾನವನ್ನು ದಾಟಿದವು. ಶರತ್ಕಾಲದ ಮುಂಜಾನೆ ಮಂಜು ಏಳುವಾಗ, ಕೆಂಪೇರಿದ ಬೆಟ್ಟವೂ ಈ ಮುದಿಮರಗಳ ಬೊಡ್ಡೆಗಳೂ ನೀರಿನಲ್ಲಿ ತಲೆಕೆಳಗಾಗಿ ಮೂಡುವ ನೋಟವನ್ನು ವರ್ಣಿಸುವ ಶಕ್ತಿ ನಮ್ಮ ಲೇಖನಿಗಿಲ್ಲ. ನಿರ್ದೇಶಕ ಕಿಮ್ ಕಿ-ದುಕ್ ಇಲ್ಲಿ ಒಂದು ತೇಲುವ ಗುಡಿಯನ್ನು ನಿರ್ಮಿಸಿ ತೆಗೆದ ಚಿತ್ರವು 2003ರಲ್ಲಿ ತೆರೆಕಂಡು ದೇಶದೇಶಗಳಲ್ಲಿ ಹೆಸರಾಯಿತು. ಚಿತ್ರೀಕರಣವು ಮುಗಿದ ಮೇಲೆ ಗುಡಿಯನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು. ಉಳಿದಿದ್ದರೆ ಕೆರೆಯು ಗುಡಿಗೆ ಹಿನ್ನೆಲೆಯ ಪರದೆಯಾಗುತ್ತಿತ್ತಷ್ಟೆ.

ಆದರೆ ಗುಡಿ ಹೋದರೂ ಪರದೆಯನ್ನು ನೋಡುವ ಕಣ್ಣು ಹೋಗಿಲ್ಲ. ನಾವು ಹೋದ ದಿನ ನೀರು ಇಳಿದಿತ್ತು. ಮರದ ಬುಡಗಳು ಕೆಸರಿನಲ್ಲಿ ಬಯಲಾಗಿದ್ದವು. ದೂರದಿಂದ ಬಂದ ಪ್ರವಾಸಿಗರೊಬ್ಬರು ಕ್ಯಾಮರಾವನ್ನು ಚೀಲಕ್ಕೆ ಸೇರಿಸುತ್ತ, ಇಷ್ಟು ಹೆಸರಾದ ಸ್ಥಳದಲ್ಲಿ ನೀರನ್ನು ಸದಾ ತುಂಬಿಡಬಾರದೇ ಎಂದು ಗೊಣಗಿದರು. ಇದು ಒಬ್ಬರ ಗೊಣಗಾಟವಲ್ಲ. ಸುಂದರ ಸ್ಥಳಗಳನ್ನು ಕುರಿತು ಲೋಕದಲ್ಲಿ ಬೆಳೆಯುತ್ತಿರುವ ಒಂದು ಬೇಡಿಕೆ. ನಾವು ಇದನ್ನು ಒಪ್ಪಲಾರೆವು. ನೀರಿಳಿದುದು ಕೆಳಗಿನ ಬೆಳೆಗಾಗಿ. ಕೆರೆ ಹುಟ್ಟಿದ್ದೇ ಅದಕ್ಕಾಗಿ. ಅಷ್ಟೇ ಅಲ್ಲ, ಮರಗಳಿಗೂ ಅದೇ ಹಿತ. ನೀರವಂಜಿಯು ನೀರನ್ನು ಸಹಿಸುವ ಮರವೆಂಬುದು ನಿಜ. ಆದರೆ ಅದರ ಬೇರಿಗೂ ಗಾಳಿ ಬೇಕು. ವರ್ಷವಿಡೀ ಮುಳುಗಿದ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಈ ಕೆರೆಯ ಹಳೆಯ ಮರಗಳಲ್ಲಿ ಕೆಲವು ಈಗಾಗಲೇ ಸತ್ತಿವೆ, ಕೆಲವು ಸೊರಗಿವೆ. ರೈತನು ತೂಬೆತ್ತಿದಾಗ ಗದ್ದೆಗೆ ನೀರೂ ಬೇರಿಗೆ ಗಾಳಿಯೂ ಒಟ್ಟಿಗೆ ದೊರೆಯುತ್ತವೆ. ನೋಟಕ್ಕಾಗಿ ತೂಬನ್ನು ಮುಚ್ಚಿದರೆ ಕೆಲವು ವರ್ಷಗಳಲ್ಲಿ ನೋಟವೇ ಇರದು.

ಮುಂಬಯಿಯಲ್ಲಿರುವ ನಮಗೆ ಇದು ಪರದೇಶದ ಮಾತೆನಿಸಲಿಲ್ಲ. ನಮ್ಮ ಬೋರಿವಲಿಯ ರಾಷ್ಟ್ರೀಯ ಉದ್ಯಾನವೂ ವಿಸ್ತಾರದಲ್ಲಿ ಸುಮಾರಾಗಿ ಜುವಾಂಗ್‌ಸಾನಿನಷ್ಟೇ, ನೂರು ಚದರ ಕಿಲೋಮೀಟರಿಗೆ ತುಸು ಮೇಲು. ಅದರೊಳಗಿನ ವಿಹಾರ್ ಮತ್ತು ತುಲಸಿ ಜಲಾಶಯಗಳು ಕ್ರಮವಾಗಿ 1860 ಮತ್ತು 1879ರಲ್ಲಿ ನಗರದ ಬಾಯಾರಿಕೆಗೆಂದು ಕಟ್ಟಿದವು. ಅವುಗಳ ದಡಕ್ಕೆ ಜನರನ್ನು ಸ್ವೇಚ್ಛೆಯಾಗಿ ಬಿಡುವುದಿಲ್ಲವೆಂದು ನಮ್ಮವರು ಬೇಸರಿಸುವುದುಂಟು. ನಲ್ಲಿ ತಿರುಗಿಸುವಾಗ ಆ ಬೇಸರವು ನೆನಪಾಗುವುದಿಲ್ಲ.

ಮತ್ತೊಂದು ಸಂಗತಿ. 2025ರ ಮಾರ್ಚ್ ತಿಂಗಳಲ್ಲಿ ಉಯಿಸೋಂಗ್ ಸೀಮೆಯಲ್ಲಿ ಹತ್ತಿದ ಕಾಡುಗಿಚ್ಚು ಬಿರುಗಾಳಿಯೊಡನೆ ಚೋಂಗ್‌ಸೋಂಗನ್ನು ಹೊಕ್ಕು ಉದ್ಯಾನದ ಕಾಡನ್ನೂ ಸುಟ್ಟಿತು. ಊರುಗಳಲ್ಲಿ ಜನರು ಸತ್ತರು, ಮನೆಗಳೂ ಈ ಸೀಮೆಗೆ ಹೆಸರು ತಂದ ಸೇಬಿನ ತೋಟಗಳೂ ಉರಿದವು. ದೇಜೋನ್‌ಸಾ ಉಳಿಯಿತು. ಅಂಥ ನಾಡಿನಲ್ಲಿ ಮರಳಿ ಬೇಸಾಯಕ್ಕೆ ನಿಂತವರ ಮುಂದೆ ನಿಂತು, ನಮ್ಮ ಚಿತ್ರಕ್ಕಾಗಿ ನೀರನ್ನು ತಡೆಯಿರಿ ಎಂದು ಕೇಳುವುದು ಯಾವ ನ್ಯಾಯ?

ಉದ್ಯಾನದ ಆಡಳಿತಕ್ಕೆ ನಮ್ಮದೊಂದು ಸಲಹೆ. ಮಂಜು ಯಾವಾಗ ಏಳುತ್ತದೆ, ಎಲೆ ಯಾವಾಗ ಕೆಂಪೇರುತ್ತದೆ ಎಂದು ಪ್ರವಾಸಿಗರಿಗೆ ತಿಳಿಸುವಂತೆಯೇ, ತೂಬು ಯಾವ ತಿಂಗಳಲ್ಲಿ ತೆರೆಯುತ್ತದೆ, ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂಬುದನ್ನೂ ಒಂದು ಫಲಕದಲ್ಲಿ ಬರೆಯಿಸಲಿ. ಅದನ್ನು ನೆಡಲು ತಕ್ಕ ಜಾಗವೂ ಸಿದ್ಧವಾಗಿದೆ: ಏರಿಯ ಬಳಿ, 1771ರ ಆ ಕಲ್ಲಿನ ಪಕ್ಕದಲ್ಲಿ.