ತಾಯಿತಂದೆಗಳ ಸಮಿತಿ ಸಹಿಗೆ ಮಾತ್ರವೆ?

ಕನ್ನಡ ಶಾಲೆಗಳು ಮುಚ್ಚಿಹೋಗುತ್ತಿವೆಯೆಂಬ ಗೋಳು ನಮ್ಮ ಸಭೆಗಳಲ್ಲಿ ವಾಡಿಕೆಯ ಮಾತಾಗಿ ಹೋಗಿದೆ. ಭಾಷಣಕಾರರು ಮರುಗುವರು, ಸಭಿಕರು ತಲೆದೂಗುವರು, ಅಧ್ಯಕ್ಷರು ನಿರ್ಣಯವೊಂದನ್ನು ಓದುವರು. ಬಳಿಕ ಎಲ್ಲರೂ ಉಪಾಹಾರಕ್ಕೆ ಏಳುವರು. ಮರುದಿನ ಬೆಳಗ್ಗೆ ಅದೇ ಮಹನೀಯರ ಮನೆಯ ಬಾಗಿಲಿಗೆ ಖಾಸಗಿ ಶಾಲೆಯ ಹಳದಿ ಬಸ್ಸು ಬಂದು ನಿಲ್ಲುವುದು. ಇದನ್ನು ಆಕ್ಷೇಪಿಸುವ ಅಧಿಕಾರ ನನಗೂ ಇಲ್ಲ. ನನ್ನ ಮನೆಯ ಮುಂದೆಯೂ ಆ ಬಸ್ಸು ಬಹುಕಾಲ ನಿಂತದ್ದುಂಟು. ಆದುದರಿಂದ ಈ ಲೇಖನದ ಬೈಗುಳಲ್ಲಿ ಮೊದಲ ಪಾಲು ನನ್ನದೆಂದೇ ವಾಚಕ ಮಹಾಶಯರು ತಿಳಿಯಬೇಕು.

ಕಳೆದ ವರ್ಷ ನಮ್ಮ ಸಂಘದ ಪರವಾಗಿ ಕೆಲವು ಪುಸ್ತಕಗಳನ್ನು ಕೊಡಲೆಂದು ಸಮೀಪದ ಹಳ್ಳಿಯೊಂದರ ಸರಕಾರಿ ಪ್ರಾಥಮಿಕ ಶಾಲೆಗೆ ಹೋಗಿದ್ದೆನು. ಅಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ. ಅಧ್ಯಕ್ಷಿಣಿ ಕೂಲಿಯ ಹೆಂಗಸು; ಅರ್ಧ ದಿನದ ಸಂಬಳವನ್ನು ಬಿಟ್ಟು ಬಂದಿದ್ದಳು. ನಡವಳಿಕೆಯ ಪುಸ್ತಕವನ್ನು ಅವಳ ಮುಂದಿಟ್ಟರು. ಅವಳು ಮೂರು ಖಾಲಿ ಹಾಳೆಗಳ ಅಡಿಯಲ್ಲಿ ಮೆಲ್ಲಮೆಲ್ಲನೆ ತನ್ನ ಹೆಸರನ್ನು ಬರೆದಳು. ಇದರಲ್ಲಿ ಏನು ಬರೆಯುವರಮ್ಮಾ ಎಂದು ಕೇಳಿದೆನು. "ಬರೆದ ಮೇಲೆ ಗೊತ್ತಾಗ್ತದೆ ಸ್ವಾಮಿ" ಎಂದಳು. ಮುಖ್ಯೋಪಾಧ್ಯಾಯರು ದುಷ್ಟರೇನೂ ಅಲ್ಲ. ಐದು ತರಗತಿಗಳಿಗೆ ಇಬ್ಬರೇ ಉಪಾಧ್ಯಾಯರು. ಅವರಲ್ಲೊಬ್ಬರು ಅಂದು ಬೇರೆ ಯಾವುದೋ ಗಣತಿಯ ಕೆಲಸಕ್ಕೆ ಹೋಗಿದ್ದರು. ಲೆಕ್ಕ, ಬಿಸಿಯೂಟ, ವರದಿಗಳ ನಡುವೆ ಸಿಕ್ಕಿಕೊಂಡ ಆ ಮನುಷ್ಯನಿಗೆ ಸಹಿಯೊಂದು ಸಿಕ್ಕಿದರೆ ಸಾಕಾಗಿತ್ತು.

ಆ ಖಾಲಿ ಹಾಳೆಯ ಬೆಲೆ ಎಷ್ಟೆಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ರಾಜಾ ರಾಮಣ್ಣನವರ ನೇತೃತ್ವದ ಕಾರ್ಯಪಡೆಯ ಸಲಹೆಯ ಮೇಲೆ 2001ರಲ್ಲಿ ನಮ್ಮ ರಾಜ್ಯ ಸರಕಾರವು ಈ ಸಮಿತಿಗಳನ್ನು ಏರ್ಪಡಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ದೇಶಕ್ಕೆಲ್ಲ ಇಂಥ ಸಮಿತಿಗಳು ಕಡ್ಡಾಯವಾದವು. ಸದಸ್ಯರಲ್ಲಿ ಮುಕ್ಕಾಲು ಪಾಲು ತಾಯಿತಂದೆಗಳು ಅಥವಾ ಪೋಷಕರಿರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು, ಹಿಂದುಳಿದ, ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಶಾಲೆಯ ನಡೆವಳಿಯನ್ನು ನೋಡುವುದು, ಬಂದ ಹಣದ ವಿನಿಯೋಗವನ್ನು ಪರೀಕ್ಷಿಸುವುದು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಇವರ ಕೆಲಸ. 22ನೆಯ ಪ್ರಕರಣದ ಮಾತಂತೂ ಬಹು ಘನವಾದದ್ದು: ಸಮಿತಿಯವರು ಮಾಡುವ ಈ ಯೋಜನೆಯೇ ಸರಕಾರದ ಯೋಜನೆಗೂ ಅನುದಾನಕ್ಕೂ ಆಧಾರವಾಗತಕ್ಕದ್ದು. ಎಂದರೆ, ರಾಜಧಾನಿಯಲ್ಲಿ ಕುಳಿತವರು ಬರೆದು ಹಳ್ಳಿಗೆ ಕಳುಹಿಸುವುದಲ್ಲ. ಹಳ್ಳಿಯವರು ಬರೆದದ್ದನ್ನು ರಾಜಧಾನಿಯವರು ಓದಿ ಹಣ ಕೊಡುವುದು. ಕಾಯಿದೆಯು ಹೀಗೆ ನೀರನ್ನು ಮೇಲಕ್ಕೆ ಹರಿಸಲು ಕಾಲುವೆ ತೋಡಿದ್ದರೆ ನಾವು ಅದರ ಬಾಯಿಗೆ ಖಾಲಿ ಹಾಳೆಯನ್ನು ತುರುಕಿರುವೆವು.

ವಿಚಿತ್ರವನ್ನು ನೋಡಿರಿ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಪ್ರಕರಣ ಅನ್ವಯಿಸದು. ಅನುದಾನಿತ ಶಾಲೆಗಳಲ್ಲಿಯೂ 2012ರ ತಿದ್ದುಪಡಿಯ ಮೇಲೆ ಸಮಿತಿಯದು ಬರಿಯ ಸಲಹೆಯ ಕೆಲಸ. ಲಕ್ಷ ರೂಪಾಯಿ ಶುಲ್ಕ ತೆರುವ ವೈದ್ಯರಿಗೂ ವಕೀಲರಿಗೂ ಇಲ್ಲದ ಅಧಿಕಾರವು ಆ ಕೂಲಿಯ ಹೆಂಗಸಿಗೆ ಇರುವುದು. ಅಧಿಕಾರವುಳ್ಳವಳಿಗೆ ಅದನ್ನು ಓದಿ ಹೇಳುವವರಿಲ್ಲ. ಓದಬಲ್ಲವರು ಶಾಲೆಯನ್ನೇ ಬಿಟ್ಟು ಹೊರಟುಹೋದರು.

ಮೊದಲ ದರ್ಜೆಗಳಲ್ಲಿ ಮಾತೃಭಾಷೆಯೋ ಕನ್ನಡವೋ ಮಾಧ್ಯಮವಾಗಬೇಕೆಂಬ 1994ರ ಸರಕಾರಿ ಆಜ್ಞೆ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಮಗುವಿನ ಮಾಧ್ಯಮವನ್ನು ಆರಿಸುವುದು ತಾಯಿತಂದೆಗಳಿಗೆ ಸೇರಿದ್ದೆಂದು ತೀರ್ಪಾಯಿತು. ತೀರ್ಪಿನ ಗುಣದೋಷಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಆರಿಸುವ ಹಕ್ಕೆಂದರೆ ನಮ್ಮ ಮಟ್ಟಿಗೆ ಬಿಟ್ಟುಹೋಗುವ ಹಕ್ಕಾಯಿತಲ್ಲವೆ? 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆದಾಗ ಪರವಿರೋಧದ ಪತ್ರಗಳು ನೂರಾರು ಬಂದವು. ಆ ಶಾಲೆಗಳ ತಾಯಂದಿರು ತಮ್ಮ ಸಮಿತಿಯಲ್ಲಿ ಏನು ಠರಾವು ಮಾಡಿದರೆಂದು ಪತ್ರ ಬರೆದವರಲ್ಲಿ ಯಾರು ವಿಚಾರಿಸಿದರು? ನಾನಂತೂ ವಿಚಾರಿಸಲಿಲ್ಲ.

ಓದುಬರಹವಿಲ್ಲದವರು ವಿದ್ಯಾಭ್ಯಾಸದ ನೀತಿಯನ್ನು ಬಲ್ಲರೇ ಎಂಬ ಆಕ್ಷೇಪಣೆಯನ್ನು ನಮ್ಮ ಮಿತ್ರರೇ ಎತ್ತುವರು. ಇದು ಹೊಸ ಮಾತಲ್ಲ. ಹಳೆಯ ಮೈಸೂರಿನಲ್ಲಿ 1913ರಲ್ಲಿಯೇ ಪ್ರಾಥಮಿಕ ವಿದ್ಯಾಭ್ಯಾಸದ ಕಡ್ಡಾಯಕ್ಕೆ ಕಾಯಿದೆಯಾಯಿತು. 1930ರ ಕಾಯಿದೆಯಂತೆ ಶಾಲೆಗಳು ಸ್ಥಳೀಯ ಸಂಸ್ಥೆಗಳ ಕೈಸೇರಿದವು. 1941ರಲ್ಲಿ ಸರಕಾರ ಅವುಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಕೊಡುವುದು, ಕಿತ್ತುಕೊಳ್ಳುವುದು, ಎಂದೋ ನಡೆದುಬಂದ ಆಟ. ಆದರೆ ಗುಣಾಕಾರವನ್ನು ಹೇಗೆ ಕಲಿಸಬೇಕೆಂದು ಸಮಿತಿಯನ್ನು ಯಾರೂ ಕೇಳುತ್ತಿಲ್ಲ. ಅದು ಉಪಾಧ್ಯಾಯರ ಕ್ಷೇತ್ರ. ಶಾಲೆಯ ಮಾಡು ಸೋರುತ್ತಿದೆಯೆ, ಹೆಣ್ಣುಮಕ್ಕಳಿಗೆ ಶೌಚಾಲಯವಿದೆಯೆ, ಉಪಾಧ್ಯಾಯರು ಶಾಲೆಯಲ್ಲಿರುವರೆ ಅಥವಾ ಗಣತಿಯ ಬೀದಿಯಲ್ಲಿರುವರೆ, ಇವನ್ನು ತಿಳಿಯಲು ಪದವಿ ಬೇಕೆ? ಜನಗಣತಿ, ವಿಪತ್ತು, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಕೆಲಸಕ್ಕೆ ಉಪಾಧ್ಯಾಯರನ್ನು ಎಳೆಯಬಾರದೆಂದು ಕಾಯಿದೆಯ 27ನೆಯ ಪ್ರಕರಣ ಹೇಳುವುದು. ಅದನ್ನು ನೋಡಿಕೊಳ್ಳುವ ಭಾರವನ್ನು 2010ರ ಕೇಂದ್ರ ನಿಯಮಗಳು ಸಮಿತಿಗೆ ಒಪ್ಪಿಸಿವೆ. ಸಮಿತಿಯನ್ನು ಪೀಡೆಯೆಂದು ಬಗೆಯುವ ಮುಖ್ಯೋಪಾಧ್ಯಾಯರು ಇದನ್ನು ಎರಡು ಸಲ ಓದಿದರೆ ಒಳ್ಳೆಯದು. ಅವರ ಪರವಾಗಿ ಇಲಾಖೆಗೆ ಎದುರು ನಿಲ್ಲಬಲ್ಲ ಜನ ಬೇರೆ ಯಾರಿರುವರು?

ಐದು ತರಗತಿಗೆ ಇಬ್ಬರು ಉಪಾಧ್ಯಾಯರೆಂಬುದಾದರೋ ಇಲಾಖೆಯ ಅಲಕ್ಷ್ಯವಲ್ಲ. ಅರವತ್ತು ಮಕ್ಕಳವರೆಗೆ ಇಬ್ಬರೆಂದು ಕಾಯಿದೆಯ ಅನುಸೂಚಿಯೇ ಹೇಳುವುದು. ಇದನ್ನು ಒಂದು ಹಳ್ಳಿಯ ಸಮಿತಿ ಏನು ಮಾಡೀತು? ಇಲ್ಲಿಯೇ ಸಮಿತಿಗಳು ಒಂದಕ್ಕೊಂದು ಕೈಜೋಡಿಸಬೇಕಾದದ್ದು. ತಾಲ್ಲೂಕಿನ ಎಲ್ಲ ಯೋಜನೆಗಳಲ್ಲಿಯೂ ತರಗತಿಗೊಬ್ಬ ಉಪಾಧ್ಯಾಯರು ಬೇಕೆಂದು ಒಂದೇ ವರ್ಷ ಬರೆದು ಬಂದರೆ ಅದು ಅರ್ಜಿಯಲ್ಲ, ನೀತಿಯ ಪ್ರಶ್ನೆ. ಸಮನ್ವಯ ವೇದಿಕೆಯೊಂದು ನಮ್ಮ ರಾಜ್ಯದಲ್ಲಿ ಹುಟ್ಟಿದೆ. ವಿದ್ಯಾವಂತರ ಮನೆಗಳಲ್ಲಿ ಅದರ ಹೆಸರು ಕೇಳಿದವರು ವಿರಳ. ಒಬ್ಬ ಮಗುವಿನ ಕಡೆಯವರು ಗಟ್ಟಿಯಾಗಿ ನಿಂತರೆ ಏನಾದೀತೆಂಬುದಕ್ಕೆ ದೃಷ್ಟಾಂತವೂ ಉಂಟು: ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯೊಬ್ಬನ ಪರವಾಗಿ ಎರಡನೆಯ ಜೊತೆ ಸಮವಸ್ತ್ರಕ್ಕಾಗಿ ಉಚ್ಚ ನ್ಯಾಯಾಲಯಕ್ಕೆ ಹೋದದ್ದರ ಫಲ 2019ರಲ್ಲಿ ರಾಜ್ಯದ ಸರಕಾರಿ ಶಾಲೆಯ ಮಕ್ಕಳಿಗೆಲ್ಲ ಸಲ್ಲತಕ್ಕದ್ದಾಯಿತು.

ತಾಯಿತಂದೆಗಳ ಕೂಟಗಳೆಲ್ಲ ಪವಿತ್ರವೆಂದು ನಾನು ವಾದಿಸುವುದಿಲ್ಲ. ಒಂದು ಪಾಠವನ್ನು ಕಿತ್ತುಹಾಕಿಸಲು, ಒಂದು ಜಾತಿಯ ಅಡಿಗೆಯವಳ ಕೈಯೂಟ ಬೇಡವೆನ್ನಲು ಸೇರಿದ ಕೂಟಗಳನ್ನೂ ಈ ದೇಶ ಕಂಡಿದೆ. ಅಂಥಲ್ಲಿ ಸಮಿತಿಯ ಬಾಗಿಲು ಮುಚ್ಚಿದರೆ ರೋಗ ಹೋಗದು. ತಿಳಿದವರು ಒಳಗೆ ಕುಳಿತು ವಾದಿಸಬೇಕು.

ಆದರೆ ಮಕ್ಕಳನ್ನು ಬೇರೆಡೆಗೆ ಕಳುಹಿಸಿದ ನಾವು ಆ ಸಮಿತಿಯಲ್ಲಿ ಪೋಷಕರಾಗಿ ಕುಳಿತುಕೊಳ್ಳುವ ಹಾಗಿಲ್ಲವಷ್ಟೆ. ಕುಳಿತುಕೊಳ್ಳುವುದೂ ಬೇಡ, ಕುಳಿತರೆ ನಾವೇ ಮಾತನಾಡುವೆವು, ಅದು ನಮ್ಮ ಚಾಳಿ. ಕಾಯಿದೆಯನ್ನು ಕನ್ನಡದಲ್ಲಿ ಓದಿ ಹೇಳುವುದು, ಲೆಕ್ಕವನ್ನು ಬಿಡಿಸಿ ತೋರಿಸುವುದು, ಸಹಿಗೆ ಮುಂಚೆ ಹಾಳೆ ತುಂಬಿದೆಯೇ ಎಂದು ನೋಡುವುದು, ಇಷ್ಟು ಮಾಡಲು ಅಡ್ಡಿಯೇನು? ಹೀಗೆಂದು ನಮ್ಮ ಸಂಘದ ಕಾರ್ಯಕಾರಿ ಮಂಡಲಿಯ ಮುಂದೆ ಒಂದು ಸೂಚನೆಯನ್ನಿಟ್ಟಿರುವೆನು: ತಿಂಗಳಿಗೊಂದು ಭಾನುವಾರ ಇಬ್ಬಿಬ್ಬರು ಸದಸ್ಯರು ಒಂದೊಂದು ಶಾಲೆಯ ಸಮಿತಿಯವರೊಡನೆ, ಅವರು ಕರೆದರೆ, ಕುಳಿತು ಯೋಜನೆಯನ್ನು ಓದತಕ್ಕದ್ದು. ಎರಡು ಸಭೆಗಳು ಕಳೆದುವು. ಸೂಚನೆಗೆ ಅನುಮೋದಕರು ಇನ್ನೂ ಸಿಕ್ಕಿಲ್ಲ.